ಬೋಳು ಕರಡಿ

ದೊಡ್ಡಬಳ್ಳಾಪುರ
೧೨-೮-೧೯೪೪

ಗೆಳತಿ ಭಾಗ್ಯಳಿಗೆ ನಾರಾಯಣಮ್ಮ ಬರೆಯುವುದೇನೆಂದರೆ, ಇಲ್ಲಿ ಎಲ್ಲರೂ ಕ್ಷೇಮ, ನನ್ನ ತಲೆಯೊಂದನ್ನು ಬಿಟ್ಟು.

ನಿನ್ನೆ ಶುಕ್ರವಾರ. ಎಂದಿನಂತೆ ಡಾಕ್ಟರರ ಮನೆಯ ಜಗುಲಿಯಲ್ಲಿ ನಮ್ಮ ಮಹಿಳಾ ಸಮಾಜ ಸೇರಿತ್ತು. ಹೋದ ವರ್ಷ ನೀನು ಇಲ್ಲಿ ನಿನ್ನಣ್ಣನ ಮನೆಯಲ್ಲಿದ್ದಾಗ, ಡಾಕ್ಟರರ ಮಗಳ ಸೀಮೆ ಕರಡಿ ಬೊಂಬೆಯ ಹೊಲಿಗೆ ಬಿಚ್ಚಿ, ಕಾಗದದ ಮೇಲಿಟ್ಟು ಗೀಟು ಎಳೆದುಕೊಂಡು ನಾವೂ ಒಂದೊಂದು ಕರಡಿ ಹೊಲಿದೆವಲ್ಲ, ಆ ಹುಚ್ಚು ಈಗ ಎಲ್ಲರಿಗೂ ಹಿಡಿದಿದೆ. ಯುದ್ಧದಿಂದಾಗಿ ಸೀಮೆಯಿಂದ ಬೊಂಬೆ ಬರುವುದು ನಿಂತುಹೋಗಿದೆ, ನಮ್ಮ ಹೆಂಗಸರ ಕೈಯಲ್ಲಿ ಮಾತ್ರ ದಿನಕ್ಕೊಂದು ಕರಡಿ ಹುಟ್ಟುತ್ತಿದೆ. ನೋಡಿದರೆ ಅಳು ಬರುತ್ತದೆ. ಒಂದಕ್ಕೆ ಕತ್ತಿಲ್ಲ, ಒಂದಕ್ಕೆ ಹೊಟ್ಟೆ ಬೆನ್ನಿಗೆ ಬಂದಿದೆ. ಗಂಗಲಕ್ಷ್ಮಮ್ಮ ಹಳೆಯ ಕಂಬಳಿ ಕತ್ತರಿಸಿ ಹೊಲಿದ ಕರಡಿಯಂತೂ ಕುರಿ ವಾಸನೆ ಹೊಡೆಯುತ್ತದೆ. ಅದರ ಹಣೆಗೆ ಆಕೆ ವಿಭೂತಿ ಬೇರೆ ಬಳಿದು ತಂದಿದ್ದಳು. ಡಾಕ್ಟರರ ಹೆಂಡತಿ, "ಇಂಥ ಮೂಢನಂಬಿಕೆ ಎಲ್ಲ ನಮ್ಮ ಸಮಾಜದಲ್ಲಿ ಬೇಡ, ಇದು ಮಕ್ಕಳ ಆಟದ ಸಾಮಾನು" ಎಂದು ಎಲ್ಲರ ಎದುರಿಗೆ ಅಂದರು. ನಾನೂ ನಕ್ಕೆ. ನೀನಿದ್ದಿದ್ದರೆ ನೀನೂ ನಗುತ್ತಿದ್ದೆ.

ಈಗ ಮುಖ್ಯ ವಿಷಯ. ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನಲ್ಲಿ ಹೆಂಗಸರ ಕೈಗೆಲಸದ ಪ್ರದರ್ಶನ ಇದೆ. ನಮ್ಮ ಸಮಾಜದಿಂದ ಒಂದೇ ಒಂದು ಕರಡಿ ಹೋಗಬೇಕಂತೆ. ಅದು ನಮ್ಮದಾಗಬೇಕು. ಬಟ್ಟೆ ನನ್ನದು, ಮುಖ ನಿನ್ನದು. ನಿನ್ನ ಕೈಯಲ್ಲಿ ಕರಡಿಗೆ ಮುಖ ಬರುತ್ತದೆ, ನನ್ನ ಕೈಯಲ್ಲಿ ಬರೀ ಮೂತಿ ಬರುತ್ತದೆ. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಬಟ್ಟೆಯ ಸಂಗತಿ ಕೇಳು. ನಮ್ಮ ಮಾವ ಹೋದ ಮೇಲೆ ಅವರ ಮೂಲೆಯ ಮಗ್ಗ ನೂಲಿಲ್ಲದೆ ಸುಮ್ಮನೆ ಬಿದ್ದಿತ್ತು. ಸೀರೆ ಇಳಿಸಿದ ಮೇಲೆ ಉಳಿಯುವ ರೇಷ್ಮೆ ತುಂಡುಗಳನ್ನು ಎಲೆ ಅಡಿಕೆಯ ಕಾಚಿನಲ್ಲಿ ಕುದಿಸಿದೆ. ಚೆಂದದ ಕಂದು ಬಣ್ಣ ಬಂತು. ಕಾಲಿಳಿಸಿ ಕೂರುವ ಆ ಮಗ್ಗದ ಗುಂಡಿಗೆ ನಾನೇ ಇಳಿದು, ಮಾವ ಅದರಲ್ಲಿ ಬಿಟ್ಟುಹೋಗಿದ್ದ ಉದ್ದನೆಯ ಹಾಸಿನ ಎಳೆಗೆ ಒಂದೊಂದೇ ತುಂಡನ್ನು ಗಂಟು ಹಾಕಿ, ಮೇಲೆ ಲಾಳಿ ಓಡಿಸಿ ಬಿಗಿ ಮಾಡಿದೆ. ಹಳೆ ಎಳೆಗೆ ಹೊಸ ಎಳೆ ಸೇರಿಸುವಾಗ ನಾವು ಹೆಂಗಸರು ಹಾಕುತ್ತೇವಲ್ಲ, ಅದೇ ಗಂಟು. ಮೇಲೆ ಕೈಯಾಡಿಸಿದರೆ ನಿಜವಾದ ತುಪ್ಪಳ. ನಮ್ಮತ್ತೆ ಮಾತ್ರ ಊರಿಗೆಲ್ಲ ಕೇಳುವ ಹಾಗೆ, "ಹೊಟ್ಟೆಗ್ ಹಿಟ್ಟಿಲ್ದಿದ್ರೂ ಜುಟ್ಟಿಗ್ ಮಲ್ಗೆ ಹೂವಂತೆ. ಜನಕ್ಕೆ ಉಡೋಕ್ ಬಟ್ಟೆ ಇಲ್ಲ, ಇವ್ಳು ಕರ್ಡಿಗ್ ಬಟ್ಟೆ ನೇಯ್ತವ್ಳೆ" ಎನ್ನುತ್ತಾರೆ. ಈ ಮನೆಯಲ್ಲಿ ಹೆಂಗಸು ರಾಟೆಯ ಮುಂದೆ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಬೇಕು, ಮಗ್ಗಕ್ಕೆ ಇಳಿಯಬಾರದು. ನಮ್ಮವರು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. "ಸಂಕ್ರಾಂತಿಗಂಟ ಆಡ್ಕೊ. ನಿನ್ ಬಟ್ಟೆ ಪ್ರದರ್ಶನಕ್ಕೋದ್ರೆ ಆ ಮಗ್ಗ ನಿಂದೆ. ಹೋಗ್ಲಿಲ್ವ, ಪಕ್ಕದ್ ಬೀದಿ ಆದಿನಾರಾಯಣಪ್ಪ ಕೇಳ್ತಾವ್ನೆ, ಕೊಟ್ಬಿಡ್ತೀನಿ. ಆಮೇಲ್ ಮಾತಿಲ್ಲ" ಎಂದರು.

ನನಗೆ ಆ ಮಗ್ಗ ಬೇಕು ಭಾಗ್ಯ. ಮದುವೆಯಾಗಿ ಬಂದಾಗಿನಿಂದ ಬೇರೆಯವರ ಸೀರೆಗೆ ನೂಲು ಸುತ್ತಿ ಸುತ್ತಿ ನನ್ನ ಕೈ ನನ್ನದೇ ಅನ್ನಿಸುವುದಿಲ್ಲ. ಪಾರ್ಸೆಲಿನಲ್ಲಿ ಬಟ್ಟೆ ಇದೆ. ಬೇಗ ಹೊಲಿದು ಕಳಿಸು.

ನಿನ್ನ
ನಾರಾಯಣಮ್ಮ

*

ಶಿವಗಂಗೆ
೩೦-೮-೧೯೪೪

ಪ್ರೀತಿಯ ನಾರಾಯಣಮ್ಮನಿಗೆ ಭಾಗ್ಯಳ ನಮಸ್ಕಾರಗಳು.

ಬಟ್ಟೆ ಬಂತು ಕಣೆ. ಪೋಸ್ಟಿನವರು ಪಾರ್ಸೆಲು ಮುಟ್ಟಿ ನೋಡಿ, "ಏನವ್ವಾ, ಒಳಗ್ ಬೆಕ್ಕಿನ ಮರಿ ಇಕ್ಕವ್ರಾ?" ಎಂದರು. ನಾನು ಆ ದಿನ ಅಡುಗೆ ಮಾಡಲಿಲ್ಲ. ಬೆಳಗಿನ ಮುದ್ದೆಯನ್ನೇ ಎಲ್ಲರಿಗೂ ಬಡಿಸಿ ಕತ್ತರಿ ಹಿಡಿದು ಕೂತೆ. ಒಳಗೆ ಬೂರುಗದ ಹತ್ತಿ ತುಂಬಿದೆ. ಕಣ್ಣಿಗೆ ಅಂಟವಾಳದ ಬೀಜ. ಎರಡು ಕಣ್ಣಿನ ನಡುವೆ ಒಂದು ಎಳೆ ಒಳಗಿನಿಂದ ಬಿಗಿಯಾಗಿ ಎಳೆದರೆ ಮುಖಕ್ಕೆ ಯೋಚನೆ ಬರುತ್ತದೆ, ಅದನ್ನು ಈ ಸಲ ಕಲಿತೆ. ನಮ್ಮವರು ನೋಡಿ, "ಇವ್ನು ನಮ್ ಶ್ಯಾನುಭೋಗರಂಗವ್ನೆ" ಎಂದರು. ನಿಜವಾಗಿಯೂ ಹಾಗೆಯೇ ಇದ್ದಾನೆ.

ಈ ವಾರವೇ ಕಳಿಸಬೇಕೆಂದಿದ್ದೆ. ಆದರೆ ನಮ್ಮ ಪುಟ್ಟಿಗೆ ಹುಷಾರಿಲ್ಲ. ಬೆಟ್ಟಕ್ಕೆ ಹೋಗಿದ್ದಾಗ ಕೋತಿಯೊಂದು ಮೈಮೇಲೆ ಹಾರಿ ಅವಳ ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡಿತು. ಅಂದಿನಿಂದ ಮಗು ಬೆಚ್ಚಿ ಬೀಳುತ್ತಿದೆ, ಅನ್ನ ಮುಟ್ಟುತ್ತಿಲ್ಲ, ನನ್ನ ಸೊಂಟ ಬಿಟ್ಟು ಇಳಿಯುತ್ತಿಲ್ಲ. ನಮ್ಮತ್ತೆ ಸಪ್ಪಲಮ್ಮನವರು ಏನೇನೋ ಹೇಳುತ್ತಿದ್ದಾರೆ. ಮಗು ಸ್ವಲ್ಪ ಸುಧಾರಿಸಲಿ, ಮುಂದಿನ ವಾರ ಕರಡಿಯನ್ನು ಗ್ಯಾರಂಟಿ ಕಳಿಸುತ್ತೇನೆ.

ನಿನ್ನ ಗಂಟು ಬಲು ಚೆನ್ನಾಗಿದೆ.

ಇತಿ,
ಭಾಗ್ಯ

*

ದೊಡ್ಡಬಳ್ಳಾಪುರ
೨೩-೯-೧೯೪೪

ಭಾಗ್ಯಳಿಗೆ,

ಮುಂದಿನ ವಾರ ಎಂದು ನೀನು ಬರೆದಿದ್ದೆ. ವಾರಗಳು ಒಂದರ ಹಿಂದೊಂದು ಹೋದವು, ಕರಡಿ ಮಾತ್ರ ಶಿವಗಂಗೆ ಬೆಟ್ಟ ಇಳಿಯಲಿಲ್ಲ.

ಪುಟ್ಟಿ ಹೇಗಿದ್ದಾಳೆ? ಅದನ್ನಾದರೂ ಒಂದು ಕಾರ್ಡಿನಲ್ಲಿ ಬರೆಯಬಾರದಿತ್ತೇ? ಸಣ್ಣ ಮಕ್ಕಳು ಬೆಚ್ಚುವುದು ಇದ್ದದ್ದೇ, ತಾನಾಗಿ ಹೋಗುತ್ತದೆ. ನಿಮ್ಮತ್ತೆ ಹೇಳಿದರೆಂದು ಮಂತ್ರ ಗಿಂತ್ರ ಎಂದು ಓಡಾಡಬೇಡ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

ಇಲ್ಲಿ ನಾನು ಪ್ರತಿ ಶುಕ್ರವಾರ ಬರಿಗೈಯಲ್ಲಿ ಜಗುಲಿ ಹತ್ತುತ್ತಿದ್ದೇನೆ. "ಎಲ್ರೀ ನಿಮ್ ರೇಷ್ಮೆ ಕರ್ಡಿ?" ಎಂದು ಗಂಗಲಕ್ಷ್ಮಮ್ಮ ಕೇಳುತ್ತಾಳೆ. ಬಸ್ಸಿನಲ್ಲಿ ಬರುತ್ತಿದೆ ಎಂದೆ. "ಪೆಟ್ರೋಲಿಲ್ದೆ ಇದ್ದಿಲಲ್ ಓಡೋ ಬಸ್ಸಲ್ವಾ, ತಳ್ಕೊಂಡ್ ಬರ್ತಿರ್ಬೇಕು" ಎಂದಳು. ಎಲ್ಲರೂ ನಕ್ಕರು. ಆಕೆ ಈಗ ಕಂಬಳಿಯನ್ನು ಸೀಗೆಕಾಯಿ ಹಾಕಿ ತೊಳೆದು ಇನ್ನೊಂದು ಕರಡಿ ಶುರು ಮಾಡಿದ್ದಾಳೆ. ವಾಸನೆ ಕಡಿಮೆಯಾಗಿದೆ, ಅದೇ ನನಗೆ ಭಯ.

ನವರಾತ್ರಿ ಮುಗಿಯುವುದರೊಳಗೆ ಕಳಿಸು.

ನಾರಾಯಣಮ್ಮ

*

ಶಿವಗಂಗೆ
೬-೧೦-೧೯೪೪

ಪ್ರೀತಿಯ ನಾರಾಯಣಮ್ಮನಿಗೆ,

ಕೋಪ ಮಾಡಿಕೊಳ್ಳಬೇಡ. ಪುಟ್ಟಿ ಈಗ ಚೆನ್ನಾಗಿದ್ದಾಳೆ. ಅನ್ನ ತಿನ್ನುತ್ತಾಳೆ, ಅಂಗಳದಲ್ಲಿ ಆಡುತ್ತಾಳೆ. ರಾಗಿ ತೆನೆ ಕಟ್ಟುತ್ತಿದೆ. ಈ ಸಲ ಅವರೆಗೆ ಮಂಜು ಚೆನ್ನಾಗಿ ಬೀಳಬಹುದೆಂದು ನಮ್ಮವರು ಹೇಳುತ್ತಾರೆ.

ಕರಡಿಯ ವಿಷಯ ಬರೆಯಲು ಕೈ ಬರುತ್ತಿಲ್ಲ. ಅದರ ಕೂದಲು ಉದುರುತ್ತಿದೆ ಕಣೆ. ಮೊದಲು ಬೆನ್ನಿನ ಮೇಲೆ ಸ್ವಲ್ಪ, ಆಮೇಲೆ ಹೊಟ್ಟೆ, ಈಗ ಮುಖ ಬಿಟ್ಟು ಎಲ್ಲ ಕಡೆ ಬೋಳಾಗಿದೆ. ಹಾಗೆ ಕಳಿಸಿದರೆ ನಿನ್ನ ಮಾನ ಹೋಗುತ್ತದೆ. ಹವೆಯಿಂದ ಇರಬಹುದು. ಇನ್ನೊಂದು ತುಂಡು ಬಟ್ಟೆ ಕಳಿಸಿದರೆ ಎರಡೇ ದಿನದಲ್ಲಿ ಹೊಸದು ಹೊಲಿಯುತ್ತೇನೆ. ಈ ಸಲ ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಡುತ್ತೇನೆ.

ನಿನ್ನದೇನೂ ತಪ್ಪಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಭಾಗ್ಯ

*

ದೊಡ್ಡಬಳ್ಳಾಪುರ
೧೯-೧೦-೧೯೪೪

ಭಾಗ್ಯಳಿಗೆ,

ನನ್ನದು ತಪ್ಪಿಲ್ಲ ಎಂದರೆ ಯಾರದು? ಕೂದಲು ಗಂಟು ಹಾಕಿದವಳು ನಾನು, ಹೊಡೆದು ಬಿಗಿ ಮಾಡಿದವಳು ನಾನು. ಶಿವಗಂಗೆಯ ಹವೆಗೆ ಉದುರಿದರೆ ಬೆಂಗಳೂರಿನ ಹವೆಗೂ ಉದುರುತ್ತದೆ.

ನಿನ್ನ ಕಾಗದ ಬಂದಾಗಿನಿಂದ ನನಗೆ ನೆಮ್ಮದಿಯಿಲ್ಲ. ಕಾಚು ಹೆಚ್ಚು ಕುದಿಸಿ ರೇಷ್ಮೆ ಸುಟ್ಟಿತೋ ಎಂದು ಒಂದು ತುಂಡು ಹಿಡಿದು ಎಳೆದೆ, ಹರಿಯಲಿಲ್ಲ. ಗಂಟು ಸಡಿಲವಿತ್ತೋ ಎಂದು ಉಳಿದ ಬಟ್ಟೆಯನ್ನು ಬಂಡೆಗೆ ಒಗೆದೆ. ಒಂದು ಕೂದಲೂ ಬರಲಿಲ್ಲ. ಇಲ್ಲಿ ಉದುರದ ಕೂದಲು ಅಲ್ಲಿ ಹೇಗೆ ಉದುರುತ್ತದೆ? ಆದರೂ ನೀನು ಕಣ್ಣಾರೆ ಕಂಡು ಬರೆದಿದ್ದೀಯ. ಅದಕ್ಕೇ ನೇಯ್ದಿದ್ದನ್ನೆಲ್ಲ ಬಿಚ್ಚಿ, ಈ ಸಲ ಎರಡೆರಡು ಸುತ್ತಿನ ಗಂಟು ಹಾಕಿ ಹೊಸದಾಗಿ ನೇಯ್ದೆ. ಬೆರಳ ತುದಿ ಸೀಳಿದೆ, ಕಾಗದದ ಮೂಲೆಯಲ್ಲಿ ಕಾಣುವ ಕಲೆ ಅದೇ. ನಮ್ಮತ್ತೆಯ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಸ್ಟಾಂಪು ಸಾಲದು.

ಒಂದು ಮಾತು. ಆ ಬೋಳು ಕರಡಿಯನ್ನು ನನಗೆ ಕಳಿಸು. ಎಲ್ಲಿ ಸಡಿಲವಾಯಿತು ಎಂದು ನಾನೇ ಕಣ್ಣಿಂದ ನೋಡಬೇಕು. ಮರೆಯಬೇಡ. ಹೊಸ ಬಟ್ಟೆ ಈ ಪಾರ್ಸೆಲಿನಲ್ಲಿದೆ.

ನಾರಾಯಣಮ್ಮ

*

ಶಿವಗಂಗೆ
೧೨-೧೧-೧೯೪೪

ಪ್ರೀತಿಯ ನಾರಾಯಣಮ್ಮನಿಗೆ,

ಬಟ್ಟೆ ತಲುಪಿತು. ಹೊಸ ಕರಡಿಯ ಕೈಕಾಲು ಹೊಲಿದಾಯಿತು. ದೀಪಾವಳಿಗೆ ಬಂದ ನಾದಿನಿ ಇಲ್ಲೇ ಉಳಿದಿದ್ದರಿಂದ ಮುಖ ಮಾತ್ರ ತಡವಾಯಿತು. ಅವಳ ಗಂಡ ಪಟ್ಟಣದಿಂದ ಟಾರ್ಚು ತಂದಿದ್ದ, ಊರಿನವರೆಲ್ಲ ಬಂದು ನೋಡಿದರು.

ಹಳೆಯದನ್ನು ಕಳಿಸು ಎಂದಿದ್ದೀಯ. ಅದನ್ನು ನಮ್ಮತ್ತೆ ಎಲ್ಲಿಟ್ಟಿದ್ದಾರೋ ಸಿಗುತ್ತಿಲ್ಲ. ಸಿಕ್ಕರೂ ಅದರಲ್ಲಿ ನೋಡುವುದಕ್ಕೇನೂ ಉಳಿದಿಲ್ಲ. ಬೆರಳಿಗೆ ಹರಳೆಣ್ಣೆ ಹಚ್ಚಿಕೋ.

ಈ ಕಡೆ ಈಗ ಎರಡು ವರ್ಷದಿಂದ ಕರಡಿ ಆಡಿಸುವವರು ಬಂದಿಲ್ಲ. ಯುದ್ಧದಿಂದಲೋ ಏನೋ. ನಿಮ್ಮ ಕಡೆಗೆ ಬರುತ್ತಾರೆಯೇ? ಬಂದರೆ ತಿಳಿಸು.

ಭಾಗ್ಯ

*

ದೊಡ್ಡಬಳ್ಳಾಪುರ
೨-೧೨-೧೯೪೪

ಭಾಗ್ಯ,

ಕರಡಿ ಆಡಿಸುವವರನ್ನು ಹುಡುಕಲು ನನಗೆ ಪುರುಸೊತ್ತಿಲ್ಲ. ನನ್ನ ಕರಡಿ ಎಲ್ಲಿ? ಸಮಾಜದವರು ಸಂಕ್ರಾಂತಿಗೆ ಮೊದಲೇ ಆರಿಸುತ್ತಾರೆ. ಉದುರಿದೆಯೋ ಇಲ್ಲವೋ ಅಷ್ಟನ್ನು ಬರೆ. ಕಾರ್ಡಿನಲ್ಲಿ ಬೇಡ, ಲಕೋಟೆಯಲ್ಲಿ ಹಾಕಿ ಅಂಟಿಸು.

ನಾ.

*

ಶಿವಗಂಗೆ
೧೯-೧೨-೧೯೪೪

ನಾರಾಯಣಮ್ಮನಿಗೆ,

ಹೇಗೆ ಬರೆಯಲಿ. ಇದೂ ಉದುರಿತು. ಮುಖ ತುಂಬ ಚೆನ್ನಾಗಿ ಬಂದಿತ್ತು. ಪೆಟ್ಟಿಗೆಯಲ್ಲೇ ಇಟ್ಟಿದ್ದೆ, ಆದರೂ ಉಳಿಯಲಿಲ್ಲ. ನಿನ್ನ ಬಟ್ಟೆ ಇನ್ನೊಂದು ಕರಡಿಗಾಗುವಷ್ಟು ಇದ್ದರೆ ಕಳಿಸು. ಸಂಕ್ರಾಂತಿಗೆ ಇನ್ನೂ ಸಮಯವಿದೆ. ಈ ಸಲ ಹೊಲಿದ ದಿನವೇ ನಮ್ಮವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನನ್ನಾಣೆ.

ಭಾಗ್ಯ

*

ದೊಡ್ಡಬಳ್ಳಾಪುರ
೮-೧-೧೯೪೫

ಶ್ರೀಮತಿ ಭಾಗ್ಯಮ್ಮನವರಿಗೆ,

ತಮ್ಮ ಕಾಗದ ಸೇರಿತು. ಉತ್ತರ ಬರೆಯಬಾರದೆಂದಿದ್ದೆ. ಮೊನ್ನೆ ನಡೆದದ್ದರಿಂದ ಬರೆಯುತ್ತಿದ್ದೇನೆ.

ಮೊನ್ನೆ ತಮ್ಮ ಪಕ್ಕದ ಊರಿನ ಲಕ್ಕಮ್ಮ ಎಂಬವರು ಮಗಳ ಮದುವೆಗೆ ಸೀರೆ ಕೊಳ್ಳಲು ನಮ್ಮ ಮನೆಗೆ ಬಂದಿದ್ದರು. ಸೊಂಟದಲ್ಲಿ ಮೊಮ್ಮಗ. ಅವನ ಕೊರಳಲ್ಲಿ ತಾಯಿತ. ತಾಯಿತದ ಬಾಯಿಂದ ಕಂದು ಬಣ್ಣದ ಕೂದಲು ಇಣುಕುತ್ತಿತ್ತು. ನಾನು ಕುದಿಸಿದ ಬಣ್ಣ ನನಗೆ ಗೊತ್ತಾಗುವುದಿಲ್ಲವೇ? ಇದೇನಮ್ಮ ಎಂದು ಕೇಳಿದೆ. "ಕರ್ಡಿ ಕೂದ್ಲು ಕಣಮ್ಮ. ಮಕ್ಳು ಬೆಚ್ಚುದ್ರೆ ಕಟ್ತಾರಲ್ಲ. ಕರ್ಡಿ ಆಡ್ಸೋರು ಬರ್ದಂಗಾಗಿ ಎಲ್ಲೂ ಸಿಕ್ತಿರ್ಲಿಲ್ಲ. ಶಿವಗಂಗೆ ತಾವ ಸಪ್ಪಲಮ್ಮ ಅಂತವ್ರೆ, ಅವ್ರ ಸೊಸೆ ಭಾಗ್ಯಮ್ಮ ಕರ್ಡಿ ಮಾಡ್ತಾಳೆ. ಅದ್ರ ಕೂದ್ಲು ಕಟ್ಟುದ್ಮೇಲೆ ಅವ್ರ ಮನೆ ಮಗೀಗೂ ವಾಸಿಯಾಯ್ತು, ನಮ್ ಹೈದಂಗೂ ವಾಸಿಯಾಯ್ತು. ಈಗ ಸುತ್ತೂರೋರೆಲ್ಲ ಅಲ್ಗೇ ಓಯ್ತಾರೆ" ಎಂದರು.

ನಾನು ಆ ಕೂದಲನ್ನು ಬಿಡಿಸಿ ನೋಡಿದೆ. ಉದುರಿದ್ದರೆ ಗಂಟಿನ ಸಮೇತ ಬರಬೇಕಿತ್ತು. ಅದರಲ್ಲಿ ಗಂಟಿರಲಿಲ್ಲ. ಎರಡೂ ತುದಿ ಕತ್ತರಿಯಲ್ಲಿ ಕತ್ತರಿಸಿದ್ದು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ತಮ್ಮನ್ನು ನೋಡಿಯೇ ಹುಟ್ಟಿರಬೇಕು. ಕೊಡಬೇಕೆನಿಸಿದರೆ ಕೊಡಬಹುದಿತ್ತು. ನನ್ನನ್ನು ಕೇಳಿದ್ದರೆ ತಾಯಿತಕ್ಕೆಂದೇ ಒಂದು ಮೂಟೆ ರೇಷ್ಮೆ ಚೂರು ಕಳಿಸುತ್ತಿದ್ದೆ. ಉದುರಿತು ಎಂದು ಯಾಕೆ ಬರೆದಿರಿ?

ತಮಗೆ ನಾನು ಹೇಳದೇ ಇದ್ದ ಒಂದು ಸಂಗತಿ ಇದೆ. ನಾಚಿಕೆಯಾಗಿ ಬರೆದಿರಲಿಲ್ಲ. ನಮ್ಮ ಮನೆಗೆ ಬಂದ ಕಾಗದ ಯಾರ ಹೆಸರಿಗೇ ಇರಲಿ, ಮೊದಲು ನಮ್ಮವರ ಕೈಗೆ ಹೋಗುತ್ತದೆ. ಅವರು ಮಗ್ಗದ ಗುಂಡಿಯಲ್ಲಿ ಕೂತಲ್ಲಿಂದಲೇ ಒಡೆದು ಗಟ್ಟಿಯಾಗಿ ಓದುತ್ತಾರೆ. ನಮ್ಮತ್ತೆ, ಪಕ್ಕದ ಮಗ್ಗದವರು, ಬಣ್ಣ ಹಾಕುವವರು, ಎಲ್ಲರೂ ಕೇಳುತ್ತಾರೆ. ತಾವು ನನ್ನೊಬ್ಬಳಿಗೆಂದು ಬರೆದ ಸುಳ್ಳನ್ನು ನಾನು ರಾಟೆಯ ಮುಂದೆ ಕೂತು ಇಡೀ ಮನೆಯ ಜೊತೆ ಕೇಳಿದೆ. "ಕೂದಲು ಉದುರುತ್ತಿದೆ" ಎಂದು ಅವರು ಓದಿದಾಗ ಎಲ್ಲರೂ ಲಾಳಿ ನಿಲ್ಲಿಸಿ ನಕ್ಕರು. ಎರಡನೆಯ ಸಲ ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಸಂಕ್ರಾಂತಿಯವರೆಗೂ ಕಾಯಲಿಲ್ಲ, ಆ ವಾರವೇ ಆದಿನಾರಾಯಣಪ್ಪ ಗಾಡಿ ತಂದು ಮೂಲೆಯ ಮಗ್ಗ ಬಿಚ್ಚಿಕೊಂಡು ಹೋದರು. ಈಗ ಅಲ್ಲಿ ಗುಂಡಿ ಮಾತ್ರ ಇದೆ. ನಮ್ಮತ್ತೆ ಅದರಲ್ಲಿ ಸೌದೆ ತುಂಬಿದ್ದಾರೆ.

ತಾಯಿತದ ಸಂಗತಿಯನ್ನು ನಮ್ಮವರಿಗೆ ಹೇಳಿದೆ. "ಕುಣಿಯಲಾರ್ದೋಳು ನೆಲ ಡೊಂಕು ಅಂದ್ಳಂತೆ. ಉದುರ್ತೈತೆ ಅಂತ ನಿನ್ ಗೆಳತೀನೇ ಬರ್ದವ್ಳೆ. ಅವ್ಳ ಬರಹ ನಂಬ್ಲಾ, ನಿನ್ ಮಾತ್ ನಂಬ್ಲಾ?" ಎಂದರು.

ಪ್ರದರ್ಶನಕ್ಕೆ ಗಂಗಲಕ್ಷ್ಮಮ್ಮನ ಕಂಬಳಿ ಕರಡಿ ಹೋಗುತ್ತದೆ. ತಾವು ಇನ್ನು ಮುಂದೆ ಬರೆಯುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ನಾರಾಯಣಮ್ಮ

*

ಶಿವಗಂಗೆ
೨೦-೧-೧೯೪೫

ದೊಡ್ಡಬಳ್ಳಾಪುರದ ಶ್ರೀ ಸಂಜೀವಪ್ಪಣ್ಣನವರಿಗೆ, ಗೋಪಾಲಪ್ಪನವರ ಮನೆಯವಳಾದ ಭಾಗ್ಯಮ್ಮ ಮಾಡುವ ನಮಸ್ಕಾರಗಳು.

ಗೆಳತಿಯ ಗಂಡನಿಗೆ ಹೆಂಗಸು ಕಾಗದ ಬರೆಯುವುದು ಸರಿಯಲ್ಲ ಎಂದು ನನಗೆ ಗೊತ್ತು. ನಮ್ಮವರಿಗೆ ತಿಳಿಸಿಯೇ ಬರೆಯುತ್ತಿದ್ದೇನೆ. ಅಣ್ಣಾ, ನನ್ನ ಹಿಂದಿನ ಕಾಗದಗಳನ್ನು ಎಲ್ಲರ ಎದುರು ಓದಿದ ಹಾಗೆಯೇ ಇದನ್ನೂ ದಯವಿಟ್ಟು ಗಟ್ಟಿಯಾಗಿ ಓದಿ. ಪಕ್ಕದ ಮಗ್ಗದವರೂ ಇರಲಿ.

ನಾರಾಯಣಮ್ಮ ನೇಯ್ದ ಬಟ್ಟೆಯಿಂದ ಒಂದು ಕೂದಲೂ ಉದುರಲಿಲ್ಲ. ನಾನು ಬರೆದದ್ದು ಸುಳ್ಳು. ಮಗು ಅನ್ನ ಬಿಟ್ಟು ಒಣಗುತ್ತಿದ್ದಾಗ ನಮ್ಮತ್ತೆ, "ಕರ್ಡಿ ಕೂದ್ಲು ಕಟ್ಬೇಕು, ಮನೇಲೇ ಐತಲ್ಲ" ಎಂದು ಬೊಂಬೆಗೆ ಕೈ ಹಾಕಿದರು. ಇದು ರೇಷ್ಮೆ ಚೂರು, ಕರಡಿಯದಲ್ಲ ಎಂದೆ. "ಕರ್ಡಿ ಅಂತ ಕರ್ದು, ಕಣ್ಣಿಟ್ಟು, ಕೂಡ್ಸಿದ್ಮೇಲೆ ಅದು ಕರ್ಡೀನೆ" ಎಂದರು. ಮಗುವಿನ ಮುಂದೆ ನನಗೆ ಹಟ ಮಾಡಲು ಆಗಲಿಲ್ಲ. ಕೂದಲು ಕಟ್ಟಿದ ಮೇಲೆ ಮಗುವಿಗೆ ವಾಸಿಯಾಯಿತು. ಹೇಗೆ ಆಯಿತೋ ನನಗೆ ತಿಳಿಯದು. ಆಮೇಲೆ ಅಳುವ ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ಬಂದ ತಾಯಂದಿರಿಗೆ ಇಲ್ಲ ಎನ್ನಲೂ ಆಗಲಿಲ್ಲ. ಡಾಕ್ಟರರ ಮನೆಯ ಜಗುಲಿಯಲ್ಲಿ ಇದು ಗೊತ್ತಾದರೆ ನಗುತ್ತಾರೆ, ನಾರಾಯಣಮ್ಮನೂ ನಗುತ್ತಾಳೆ ಎಂದು ಹೆದರಿ, ಉದುರಿತು ಎಂದು ಬರೆದೆ. ಮುಂದಿನದನ್ನು ಉಳಿಸಿಕೊಳ್ಳುತ್ತೇನೆ ಎಂದುಕೊಂಡೆ. ನಮ್ಮತ್ತೆ ಅದನ್ನೂ ಪೆಟ್ಟಿಗೆಯಿಂದ ತೆಗೆದರು.

ಇನ್ನು ಗಂಟಿನ ಮಾತು. ಮೊದಲು ನಮ್ಮತ್ತೆ ಕೈಯಲ್ಲಿ ಕಿತ್ತರು, ಬರಲಿಲ್ಲ. ಎದುರು ಮನೆಯ ಮುನಿವೆಂಕಟಪ್ಪನವರು ಎತ್ತಿನ ಕಾಲಿನ ಮುಳ್ಳನ್ನು ಹಲ್ಲಿನಲ್ಲಿ ಕಿತ್ತವರು. ಅವರು ಹಲ್ಲು ಹಾಕಿ ಎಳೆದರು. ಕರಡಿ ಇಡಿಯಾಗಿ ಮೇಲೆದ್ದಿತೇ ಹೊರತು ಕೂದಲು ಬರಲಿಲ್ಲ. ಎರಡು ಸುತ್ತು ಗಂಟಿನ ಬಟ್ಟೆಗಂತೂ ನನ್ನ ಹೊಲಿಗೆ ಕತ್ತರಿಯ ಬಾಯಿ ಮೊಂಡಾಯಿತು. ಕೊನೆಗೆ ಕುರಿ ಉಣ್ಣೆ ಕತ್ತರಿಸುವ ಕತ್ತರಿ ತಂದು ಬೋಳಿಸಿದರು.

ನಾನು ಹೇಳಿದೆನೆಂದು ನಂಬಬೇಡಿ. ಹೇಗಿದ್ದರೂ ಒಮ್ಮೆ ಸುಳ್ಳು ಬರೆದವಳು. ಎರಡನೆಯ ಕರಡಿಯ ಬೆನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಬೆರಳಾಡಿಸಿದರೆ ಗಂಟುಗಳು ಸಿಗುತ್ತವೆ, ಎಲ್ಲವೂ ಇದ್ದ ಜಾಗದಲ್ಲೇ ಇವೆ. ನಿಮ್ಮ ಮಗ್ಗದವರಲ್ಲಿ ಯಾರಾದರೂ ಒಂದು ಗಂಟನ್ನು ಕಿತ್ತು ತೋರಿಸಲಿ.

ಇದು ಬರೀ ರೇಷ್ಮೆ, ದೊಡ್ಡಬಳ್ಳಾಪುರದ ನನ್ನ ಗೆಳತಿ ನೇಯ್ದದ್ದು, ಇನ್ನು ಕೊಡುವುದಿಲ್ಲ ಎಂದು ಮೊನ್ನೆ ಬಾವಿಯ ಹತ್ತಿರ ಎಲ್ಲರಿಗೂ ಹೇಳಿದೆ. ನಮ್ಮತ್ತೆ ಅಂದಿನಿಂದ ನನ್ನ ಕೈಯ ಊಟ ಮಾಡುತ್ತಿಲ್ಲ. ಇದನ್ನು ನಾರಾಯಣಮ್ಮನಿಗೆ ಬರೆಯಲಿಲ್ಲ, ನನಗೆ ಬರೆಯಬೇಡ ಎಂದಿದ್ದಾಳೆ. ಓದುವಾಗ ಅವಳು ಕೇಳಿಸಿಕೊಂಡರೆ ಸಾಕು.

ಇತಿ,
ಭಾಗ್ಯಮ್ಮ

*

ದೊಡ್ಡಬಳ್ಳಾಪುರ
೧೧-೨-೧೯೪೫

ಭಾಗ್ಯಳಿಗೆ,

ಓದಿದರು. ಒಂದು ಕೂದಲೂ ಉದುರಲಿಲ್ಲ ಎಂಬ ಸಾಲಿಗೆ ನಮ್ಮವರು ಕಾಗದ ಮಡಿಸಲು ಹೋದರು. ಆದರೆ ಗಟ್ಟಿಯಾಗಿ ಓದಿ ಎಂದು ನೀನು ಬರೆದದ್ದನ್ನೂ ಗಟ್ಟಿಯಾಗಿಯೇ ಓದಿಬಿಟ್ಟಿದ್ದರು, ಆಮೇಲೆ ನಿಲ್ಲಿಸುವ ಹಾಗಿರಲಿಲ್ಲ. ಮುನಿವೆಂಕಟಪ್ಪನವರ ಹಲ್ಲಿನ ಭಾಗ ಬಂದಾಗ ಬಣ್ಣ ಹಾಕುವವರು ನೆಲಕ್ಕೆ ಬಿದ್ದು ನಕ್ಕರು. ಬಟ್ಟೆ ಕೈಯಿಂದ ಕೈಗೆ ಹೋಯಿತು. ನಮ್ಮವರು ಉಗುರಿನಿಂದ ಕಿತ್ತರು. ಆಮೇಲೆ ಸೀರೆಯ ಕಸ ತೆಗೆಯುವ ಚಿಮಟ ಹಾಕಿ ಎಳೆದರು. ಹಾಸಿನ ಎಳೆ ಮೇಲೆದ್ದಿತು, ಗಂಟು ಬರಲಿಲ್ಲ. ಆ ಹೊತ್ತಿಗೆ ಅವರ ಮುಖ ನೋಡಬೇಕಿತ್ತು. ಬಟ್ಟೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಎದ್ದರು.

ಇಷ್ಟಕ್ಕೆ ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡ. ಆದಿನಾರಾಯಣಪ್ಪ ಮಗ್ಗ ವಾಪಸು ಕೊಡುವುದಿಲ್ಲ. "ಸೀರೆ ಏರ್ಸಿಬಿಟ್ಟಿವ್ನಿ, ಈಗ ಬಿಚ್ಚು ಅಂದ್ರೆ ಹೆಂಗಣ್ಣಾ?" ಎಂದರಂತೆ. ಅವರ ಮಾತೂ ಸರಿಯೇ. ಪ್ರದರ್ಶನದಿಂದ ಗಂಗಲಕ್ಷ್ಮಮ್ಮನ ಕರಡಿ ತಿರುಗಿ ಬಂದಿದೆ. ಅಲ್ಲಿಯವರು ಕೊರಳಿಗೆ ಕಟ್ಟಿದ ಚೀಟಿಯಲ್ಲಿ "ನಾಯಿ. ಕಂಬಳಿ ಕೆಲಸ" ಎಂದು ಬರೆದಿದ್ದಾರೆ. ಪಾಪ, ಆಕೆ ಎರಡು ಶುಕ್ರವಾರ ಬರಲಿಲ್ಲ. ನನಗೆ ನಗಬೇಕೆನಿಸಿತು, ಆದರೆ ನಗು ಬರಲಿಲ್ಲ. ಹೊರಗೆ ನಿಂತು ನಗುವುದು ಸುಲಭ ಎಂದು ಗೊತ್ತಾಗಿದೆ. ನಾನು ನಗುತ್ತೇನೆ ಎಂದು ಹೆದರಿದೆ ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ನನ್ನನ್ನು ಬಹಳ ಚುಚ್ಚಿತು. ನಿಜ, ನಾನು ನಗುತ್ತಿದ್ದೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಾಗ ತಿಳಿಸುತ್ತೇನೆ. ನಿಮ್ಮತ್ತೆ ಊಟ ಮಾಡಿದರೇ? ಮಾಡದಿದ್ದರೆ ಒಂದು ಹಿಡಿ ರೇಷ್ಮೆ ಚೂರನ್ನು ಬೇರೆಯಾಗಿ ಕಳಿಸುತ್ತೇನೆ, ಅವರ ಕೈಗೇ ಕೊಡು. ಕರಡಿಯದು ಎಂದು ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.

ಹೋದ ಗುರುವಾರ ನಮ್ಮವರ ಮಗ್ಗದಿಂದ ಒಂದು ಸೀರೆ ಇಳಿಯಿತು. ಸೀರೆ ಕತ್ತರಿಸಿದ ಮೇಲೆ ಹಾಸಿನ ಎಳೆ ಮೊಳದಷ್ಟು ಮಗ್ಗದಲ್ಲೇ ಉಳಿಯುತ್ತದೆ. ಅದಕ್ಕೆ ಹೊಸ ಎಳೆ ಸೇರಿಸುವ ಕೆಲಸ ನನ್ನದು. ನಾನು ಹೋಗಿ ನೋಡಿದರೆ ನಮ್ಮವರು ಗುಂಡಿ ಬಿಟ್ಟು ಮೇಲೆ ಬಂದು ನಿಂತಿದ್ದರು. "ಸೇರ್ಸೋಕ್ ಮುಂಚೆ ಆ ಉಳ್ದಿರೋದ್ರಾಗೆ ನಿನ್ ಬಟ್ಟೆ ನೇಯ್ಕೊ. ಪ್ರತಿ ಸೀರೆಗೂ ಅಷ್ಟು ನಿಂದು" ಎಂದರು. ಮುಖ ಗೋಡೆಯ ಕಡೆಗಿತ್ತು. ಬೇಡ ಎನ್ನಬೇಕೆನಿಸಿತು. ಹೊಸ ಎಳೆ ಸೇರಿಸಲು ಬೇಕಾದಷ್ಟು ಬಿಟ್ಟರೆ ಒಂದು ಸೀರೆಗೆ ಕರಡಿಯ ಒಂದು ಕಾಲಿನಷ್ಟೇ ಬಟ್ಟೆ. ಈ ಲೆಕ್ಕದಲ್ಲಿ ಯುದ್ಧ ಮುಗಿದರೂ ನನ್ನ ಕರಡಿ ಎದ್ದು ನಿಲ್ಲುವುದಿಲ್ಲ. ಕೊಡುವುದನ್ನು ಇಡಿಯಾಗಿ ಕೊಡಲು ಇವರಿಗೇನು ಕಷ್ಟವೋ. ಆದರೂ ಇಳಿದು ಕೂತೆ.

ನಾನು ಗುಂಡಿಯಲ್ಲಿರುವಷ್ಟು ಹೊತ್ತು ಮುಂದಿನ ಸೀರೆಗೆ ಕಂಡಿಕೆ ಸುತ್ತುವವರು ಬೇಕಲ್ಲ. ನಮ್ಮತ್ತೆ ಆಗುವುದಿಲ್ಲ ಎಂದರು. ಕೊನೆಗೆ ನಮ್ಮವರೇ ರಾಟೆಯ ಮುಂದೆ ಕೂತರು. ಒಂದು ಕಂಡಿಕೆಯನ್ನೂ ನೆಟ್ಟಗೆ ಸುತ್ತಲಿಲ್ಲ. ಎಲ್ಲವೂ ಸಡಿಲ, ಲಾಳಿಗೆ ಹಾಕಿದರೆ ಜಾರುತ್ತದೆ. ಇಷ್ಟು ವರ್ಷ ನನ್ನ ಕೈಯಿಂದ ಎಷ್ಟೊಂದು ನೂಲು ಬಂದಿತೆಂದು ಈಗಲಾದರೂ ತಿಳಿಯಲಿ ಎಂದು, ಗುಂಡಿಯಲ್ಲಿ ಕೂತಲ್ಲಿಂದಲೇ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಬೈದೆ. ಬಿಚ್ಚಿ ಮತ್ತೆ ಸುತ್ತಿದರು.

ನಾರಾಯಣಮ್ಮ